ಸರೋವರದಂಡೆಯ ಅಸಲು ಮತ್ತು ಬಡ್ಡಿ: ನಕುರುವಿನಿಂದ ಸುರತ್ಕಲ್‌ಗೆ ಒಂದು ಪಾಠ

ಕರಾವಳಿಯ ವರ್ತಕರಿಗೆ ಪೂರ್ವ ಆಫ್ರಿಕ ಅಪರಿಚಿತ ನಾಡಲ್ಲ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಬಳಿಕ ಇಲ್ಲಿಯ ಹೆಂಚುಗಳು ಹಡಗೇರಿ ಅಲ್ಲಿಯ ಮನೆಗಳ ಮಾಡು ಸೇರಿದವು. ಅಲ್ಲಿಯ ಕಚ್ಚಾ ಗೇರುಬೀಜ ಹಲವು ದಶಕಗಳಿಂದ ಇಲ್ಲಿಯ ಕಾರ್ಖಾನೆಗಳಿಗೆ ಬರುತ್ತಿದೆ. ತಾಂಜಾನಿಯದಲ್ಲಿ ಗೇರು ಕೊಯ್ಲಿನ ಕಾಲವಾದ ಅಕ್ಟೋಬರ್‌ನಿಂದ ಜನವರಿಯವರೆಗೆ ಪಣಂಬೂರು, ಸುರತ್ಕಲ್, ಬೈಕಂಪಾಡಿ ಭಾಗದ ವ್ಯವಹಾರಸ್ಥರಲ್ಲಿ ಕೆಲವರಾದರೂ ದಾರ್ ಎಸ್ ಸಲಾಮ್‌ನ ದಾರಿ ಹಿಡಿಯುತ್ತಾರೆ. ಹೀಗೆ ಹೋದವರು ಮರಳುವ ಮೊದಲು ಎರಡು ಮೂರು ದಿನ ಬಿಡುವು ಮಾಡಿಕೊಂಡು ಸರೋವರದಂಡೆಯ ರಾಷ್ಟ್ರೀಯ ಉದ್ಯಾನವೊಂದನ್ನು ನೋಡಿ ಬರುವುದೂ ಉಂಟು. ಕುಟುಂಬ ಸಮೇತ ಅದಕ್ಕಾಗಿಯೇ ಹೊರಡುವವರೂ ಇದ್ದಾರೆ.

ಇದು ಹಣದ ಅಪವ್ಯಯವೇ ಎಂಬ ಪ್ರಶ್ನೆ ಹಿರಿಯ ವರ್ತಕರ ಮನೆಗಳಲ್ಲಿ ಇಂದಿಗೂ ಏಳುತ್ತದೆ. ಸಿಂಹ, ಘೇಂಡಾಮೃಗಗಳ ಛಾಯಾಚಿತ್ರ ತಂದು ನೆಂಟರಿಗೆ ತೋರಿಸುವುದಷ್ಟೇ ಉದ್ದೇಶವಾಗಿದ್ದರೆ ಹಿರಿಯರ ಆಕ್ಷೇಪದಲ್ಲಿ ಹುರುಳಿದೆ. ಆದರೆ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಅಸಲು ಯಾವುದು, ಬಡ್ಡಿ ಯಾವುದು ಎಂದು ಕಲಿತವನು ಅದೇ ಕಣ್ಣಿನಿಂದ ಆ ಉದ್ಯಾನವನ್ನು ನೋಡಿದರೆ, ಖರ್ಚು ಮಾಡಿದ ಹಣಕ್ಕಿಂತ ಹೆಚ್ಚಿನದು ಊರಿಗೆ ಬರುತ್ತದೆ. ಕಾಡು, ನೀರು, ಹಕ್ಕಿಗಳನ್ನು ಅಸಲಾಗಿ ಉಳಿಸಿಕೊಂಡು ಬಡ್ಡಿಯಿಂದ ಬದುಕುವ ವ್ಯಾಪಾರವೊಂದು ಅಲ್ಲಿ ನಡೆದಿದೆ. ಅಸಲಿಗೆ ಕೈಯಿಟ್ಟಾಗ ಏನಾಗುತ್ತದೆ ಎಂಬುದಕ್ಕೂ ಅಲ್ಲಿಯೇ ಸಾಕ್ಷ್ಯವಿದೆ. ಕಡಲು, ಅಳಿವೆ ಮತ್ತು ಕೈಗಾರಿಕೆ ಒಂದೇ ಬೇಲಿಗೆ ತಾಗಿಕೊಂಡಿರುವ ಸುರತ್ಕಲ್‌ಗೆ ಈ ಪಾಠ ಅತ್ಯಂತ ಸಮೀಪದ್ದು.

ವ್ಯಾಪಾರದ ಊರು, ಹಕ್ಕಿಗಳ ಸರೋವರ

ತಾಂಜಾನಿಯದ ಉತ್ತರ ಭಾಗದಲ್ಲಿ 1960ರಲ್ಲಿ ಸ್ಥಾಪನೆಯಾದ ಮನ್ಯಾರಾ ಸರೋವರ ಉದ್ಯಾನ ಮರವೇರುವ ಸಿಂಹಗಳಿಗೆ ಹೆಸರಾಗಿದೆ. ಅಲ್ಲಿಂದ ಗಡಿಯಾಚೆ ಕೆನ್ಯಾದಲ್ಲಿರುವ ನಕುರು ಸರೋವರ ಉದ್ಯಾನ ವರ್ತಕ ಸಮುದಾಯಕ್ಕೆ ಇನ್ನೂ ಹೆಚ್ಚಿನ ಕುತೂಹಲದ ವಿಷಯವಾಗಬೇಕು. ಇದಕ್ಕೆ ಕಾರಣ ಅದರ ನೆರೆಯಲ್ಲಿರುವ ಊರು. ರಾಜಧಾನಿ ನೈರೋಬಿಯಿಂದ ಸುಮಾರು 160 ಕಿಲೋಮೀಟರ್ ದೂರದಲ್ಲಿರುವ ನಕುರು ಕೃಷಿ ಉತ್ಪನ್ನಗಳ ಮಾರುಕಟ್ಟೆ ಹಾಗೂ ಸಣ್ಣ, ಮಧ್ಯಮ ಕಾರ್ಖಾನೆಗಳ ಊರು. 2021ರಲ್ಲಿ ಅದಕ್ಕೆ ಮಹಾನಗರದ ಸ್ಥಾನಮಾನವೂ ದೊರೆಯಿತು. ಊರಿನ ಕೊನೆಯ ಬೀದಿಯ ಆಚೆಗೇ ಉದ್ಯಾನದ ಬೇಲಿ. ಒಂದು ಬದಿಯಲ್ಲಿ ಗೋದಾಮು, ಇನ್ನೊಂದು ಬದಿಯಲ್ಲಿ ಕಾಡೆಮ್ಮೆಗಳ ಹಿಂಡು.

ಸರೋವರದ ದಕ್ಷಿಣ ಭಾಗವನ್ನು 1961ರಲ್ಲಿ ಪಕ್ಷಿಧಾಮವೆಂದು ಘೋಷಿಸಲಾಯಿತು. 1968ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಇಂದಿನ ವಿಸ್ತೀರ್ಣ ಸುಮಾರು 188 ಚದರ ಕಿಲೋಮೀಟರ್. ಘೇಂಡಾಮೃಗಗಳು ಬೇಟೆಗಾರರ ಕೈಗೆ ಸಿಕ್ಕಿ ನಿರ್ನಾಮವಾಗುತ್ತಿದ್ದ 1980ರ ದಶಕದಲ್ಲಿ ಉದ್ಯಾನದ ಸುತ್ತ ಬೇಲಿ ಹಾಕಿ, ಅವುಗಳಿಗೆ ಅಲ್ಲಿ ಆಶ್ರಯ ಕಲ್ಪಿಸಲಾಯಿತು. 1990ರಲ್ಲಿ ಈ ಸರೋವರ ಕೆನ್ಯಾದ ಪ್ರಪ್ರಥಮ ರಾಮ್ಸರ್ ತಾಣವಾಯಿತು. 2011ರಲ್ಲಿ ನೆರೆಯ ಬೊಗೋರಿಯ ಹಾಗೂ ಎಲ್ಮೆಂಟೈಟಾ ಸರೋವರಗಳೊಂದಿಗೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. 400ಕ್ಕೂ ಹೆಚ್ಚು ಜಾತಿಯ ಹಕ್ಕಿಗಳನ್ನು ಇಲ್ಲಿ ಗುರುತಿಸಲಾಗಿದೆ. ಆದರೂ ಲೋಕಕ್ಕೆ ನಕುರುವನ್ನು ಪರಿಚಯಿಸಿದ್ದು ಒಂದೇ ಹಕ್ಕಿ: ರಾಜಹಂಸ, ಅಂದರೆ ಫ್ಲೆಮಿಂಗೊ. ನೀರಿನ ಅಂಚಿಗೆ ಗುಲಾಬಿ ಬಣ್ಣದ ಪಟ್ಟಿ ಬಳಿದಂತೆ ಲಕ್ಷಾಂತರ ರಾಜಹಂಸಗಳು ನಿಂತಿರುತ್ತಿದ್ದ ದೃಶ್ಯವೇ ದಶಕಗಳ ಕಾಲ ಈ ಉದ್ಯಾನದ ಕೀರ್ತಿಮೌಲ್ಯವಾಗಿತ್ತು.

ಪ್ರವೇಶ ಶುಲ್ಕದ ರೀತಿಯೂ ಗಮನಾರ್ಹವಾದುದು. ವಿದೇಶಿಯರಿಗೆ ಶುಲ್ಕ ಡಾಲರಿನ ಲೆಕ್ಕದಲ್ಲಿದೆ. ಸ್ವದೇಶಿಯರಿಗೆ ಅದರ ಒಂದು ಸಣ್ಣ ಅಂಶ ಮಾತ್ರ. ನಿಗದಿತ ಸ್ಥಳಗಳ ಹೊರತು ವಾಹನದಿಂದ ಇಳಿಯುವಂತಿಲ್ಲ. ಬಂದವನು ಕೊಡುವ ಹಣ ದ್ವಾರದಲ್ಲೇ ನಿಲ್ಲುವುದೂ ಇಲ್ಲ. ವಾಹನ ಚಾಲಕ, ಮಾರ್ಗದರ್ಶಿ, ವಸತಿಗೃಹ, ಅದಕ್ಕೆ ತರಕಾರಿ ಹಾಲು ಒದಗಿಸುವ ರೈತ, ಟೈರು ತಿದ್ದುವ ಅಂಗಡಿ, ಮರದ ಗೊಂಬೆ ಮಾರುವ ಕುಶಲಕರ್ಮಿ, ಇಷ್ಟು ಕೈಗಳನ್ನು ದಾಟಿಯೇ ಅದು ಊರಿನಲ್ಲಿ ಕರಗುತ್ತದೆ. ಇಷ್ಟಾದರೂ ಒಂದು ಹಕ್ಕಿಯೂ ಮಾರಾಟವಾಗುವುದಿಲ್ಲ, ಒಂದು ಮರವೂ ಉರುಳುವುದಿಲ್ಲ. ದಾಸ್ತಾನು ಇದ್ದಂತೆಯೇ ಇರುತ್ತದೆ, ವಹಿವಾಟು ಮಾತ್ರ ನಡೆಯುತ್ತದೆ.

ರಾಜಹಂಸಗಳು ಹೊರಟುಹೋದಾಗ

ಈ ಲೆಕ್ಕಪುಸ್ತಕಕ್ಕೆ ಇನ್ನೊಂದು ಪುಟವೂ ಇದೆ. ನಕುರು ಸರೋವರಕ್ಕೆ ಹೊಳೆಗಳು ಸೇರುತ್ತವೆ, ಆದರೆ ಅದರಿಂದ ಯಾವ ಹೊಳೆಯೂ ಹೊರಡುವುದಿಲ್ಲ. ಬಂದ ನೀರು ಆವಿಯಾಗಿ ಹೋಗಬೇಕು. ನೀರಿನೊಡನೆ ಬಂದ ಕಲ್ಮಶ ಅಲ್ಲಿಯೇ ಉಳಿಯಬೇಕು. ಊರು ಬೆಳೆದಂತೆ ಒಳಚರಂಡಿಯ ನೀರು, ಕಾರ್ಖಾನೆಗಳ ತ್ಯಾಜ್ಯ, ಹೊಲಗಳ ರಾಸಾಯನಿಕ ಎಲ್ಲವೂ ಸರೋವರದತ್ತ ಹರಿದವು. ಜಲಾನಯನ ಪ್ರದೇಶದ ಕಾಡು ಕಡಿದಂತೆ ಮಣ್ಣೂ ಕೊಚ್ಚಿ ಬಂದಿತು. 1990ರ ದಶಕದಲ್ಲಿ ರಾಜಹಂಸಗಳು ರಾಶಿ ರಾಶಿಯಾಗಿ ಸತ್ತಾಗ ವಿಜ್ಞಾನಿಗಳ ಸಂಶಯ ಭಾರಲೋಹಗಳ ಮೇಲೂ ಪಾಚಿಯ ವಿಷದ ಮೇಲೂ ಬಿದ್ದಿತು. ಅದೇ ದಶಕದಲ್ಲಿ ಜಪಾನಿನ ನೆರವಿನಿಂದ ಊರಿನ ಮಲಿನಜಲ ಶುದ್ಧೀಕರಣ ಘಟಕಗಳನ್ನು ಸುಧಾರಿಸಲಾಯಿತು. ಮೊದಲೇ ಮಾಡಬಹುದಾಗಿದ್ದ ಖರ್ಚನ್ನು ನಷ್ಟವಾದ ಮೇಲೆ ಮಾಡಬೇಕಾಯಿತು.

ಅನಂತರ ಬಂದ ಪೆಟ್ಟು ಬೇರೆ ಬಗೆಯದು. 1990ರ ದಶಕದ ನಡುವಿನಲ್ಲಿ ಬಹುತೇಕ ಬತ್ತಿಹೋಗಿದ್ದ ಸರೋವರ 2010ರ ಬಳಿಕ ಏರತೊಡಗಿ, ಉದ್ಯಾನದ ಮುಖ್ಯ ದ್ವಾರವನ್ನೂ ರಸ್ತೆಗಳನ್ನೂ ಮುಳುಗಿಸಿತು. ರಾಜಹಂಸಗಳ ಆಹಾರ ಕ್ಷಾರಯುಕ್ತ ನೀರಿನಲ್ಲಿ ಬೆಳೆಯುವ ಸೂಕ್ಷ್ಮ ಪಾಚಿ. ಸಿಹಿನೀರು ತುಂಬಿ ಕ್ಷಾರ ತೆಳುವಾದಂತೆ ಪಾಚಿ ಕ್ಷೀಣಿಸಿತು. ಹಕ್ಕಿಗಳು ಬೊಗೋರಿಯ ಮೊದಲಾದ ಸರೋವರಗಳತ್ತ ಹಾರಿದವು. ಇಂದಿಗೂ ನಕುರುವಿನಲ್ಲಿ ಘೇಂಡಾಮೃಗ, ಸಿಂಹ, ಜಿರಾಫೆ, ಹೆಜ್ಜಾರ್ಲೆಗಳ ದರ್ಶನವಾಗುತ್ತದೆ. ಆದರೆ ಹಳೆಯ ಚಿತ್ರಗಳ ಗುಲಾಬಿ ದಂಡೆಯನ್ನು ನಿರೀಕ್ಷಿಸಿ ಹೋದವರು ನಿರಾಶರಾಗಬಹುದು. ಗಿರಾಕಿಯಂತೆಯೇ ಹಕ್ಕಿಯೂ ಕಾರಣ ತಿಳಿಸಿ ಅಂಗಡಿ ಬದಲಿಸುವುದಿಲ್ಲ. ಅನುಕೂಲ ತಪ್ಪಿದ ದಿನ ಮೌನವಾಗಿ ಎದ್ದು ಹೋಗುತ್ತದೆ.

ಸ್ವಂತ ರಾಜ್ಯದ ಕಬಿನಿ

ಇಂಥ ವ್ಯವಹಾರ ಆಫ್ರಿಕಕ್ಕೆ ಮಾತ್ರ ಸಾಧ್ಯವೆಂದು ತಿಳಿಯಬೇಕಾಗಿಲ್ಲ. ಸುರತ್ಕಲ್‌ನಿಂದ ಬೆಳಿಗ್ಗೆ ಹೊರಟು ಸಂಪಾಜೆ ಘಾಟಿ ಏರಿ, ಮಡಿಕೇರಿ, ಹುಣಸೂರು ದಾಟಿದರೆ ಸಂಜೆಯ ಮೊದಲು ಎಚ್.ಡಿ. ಕೋಟೆ ತಾಲ್ಲೂಕಿನ ಕಬಿನಿ ಹಿನ್ನೀರನ್ನು ತಲುಪಬಹುದು. 1974ರಲ್ಲಿ ಪೂರ್ಣಗೊಂಡ ಅಣೆಕಟ್ಟಿನಿಂದ ಹುಟ್ಟಿದ ಈ ಜಲರಾಶಿ ನಾಗರಹೊಳೆ ಮತ್ತು ಬಂಡೀಪುರ ರಾಷ್ಟ್ರೀಯ ಉದ್ಯಾನಗಳ ನಡುವೆ ಹಬ್ಬಿದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಂತೆ ತೇವದ ನೆಲದಲ್ಲಿ ಹಸಿರು ಹುಲ್ಲು ಚಿಗುರುತ್ತದೆ. ಅದನ್ನರಸಿ ಆನೆಗಳು ಹಿಂಡುಹಿಂಡಾಗಿ ದಂಡೆಗೆ ಇಳಿಯುತ್ತವೆ. ನೀರಿನಲ್ಲಿ ನಿಂತ ಒಣಮರಗಳ ಮೇಲೆ ನೀರುಕಾಗೆಗಳು, ಮೀನು ಹಿಡಿಯುವ ಹದ್ದುಗಳು. ಏಷ್ಯಾದ ಆನೆಗಳು ಇಷ್ಟು ಸಂಖ್ಯೆಯಲ್ಲಿ ಒಂದೆಡೆ ಸೇರುವ ತಾಣ ಲೋಕದಲ್ಲಿ ವಿರಳ.

ಒಂದು ಕಾಲಕ್ಕೆ ಇದೇ ಕಾಕನಕೋಟೆ ಕಾಡಿನಲ್ಲಿ ಮೈಸೂರು ಅರಸರ ಕಾಲದ ಖೆಡ್ಡಾಗಳು ನಡೆದವು. ಆನೆಯನ್ನು ಹಿಡಿದು ಮಾರುವುದೇ ಆಗಿನ ಆದಾಯ. 1980ರಲ್ಲಿ ರಾಜ್ಯ ಸರ್ಕಾರ ನೇಪಾಳದ ಟೈಗರ್ ಟಾಪ್ಸ್ ಸಂಸ್ಥೆಯ ಸಹಭಾಗಿತ್ವದಲ್ಲಿ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಕಂಪೆನಿಯನ್ನು ಸ್ಥಾಪಿಸಿತು. ಕಾರಾಪುರದ ಹಳೆಯ ಬೇಟೆಯ ಬಂಗಲೆಯ ಆವರಣದಲ್ಲಿ ಅದರ ವಸತಿಗೃಹ ಆರಂಭವಾಯಿತು. ಯೌವನದಲ್ಲಿ ಬೇಟೆಗಾರರಾಗಿದ್ದು ಅನಂತರ ವನ್ಯಜೀವಿಗಳ ರಕ್ಷಕರಾದ ಕರ್ನಲ್ ಜಾನ್ ವೇಕ್‌ಫೀಲ್ಡ್ ಈ ಸಾಹಸದ ಬೆನ್ನೆಲುಬಾಗಿದ್ದು, 2010ರಲ್ಲಿ ನಿಧನರಾಗುವವರೆಗೂ ಕಬಿನಿಯನ್ನೇ ಮನೆಯಾಗಿಸಿಕೊಂಡಿದ್ದರು. 1987ರಲ್ಲಿ ಕಂಪೆನಿ ಪೂರ್ಣವಾಗಿ ಸರ್ಕಾರದ ಒಡೆತನಕ್ಕೆ ಬಂದಿತು. ಕಾಡಿನೊಳಗೆ ಹೋಗುವ ವಾಹನಗಳ ಸಂಖ್ಯೆಗೆ ಮಿತಿ ಇದೆ, ಹೊತ್ತಿಗೂ ಮಿತಿ ಇದೆ. ಬೇಡಿಕೆ ಇದೆಯೆಂದು ದಾಸ್ತಾನನ್ನು ಬರಿದು ಮಾಡದೆ, ಹಾಸಿಗೆ ಇದ್ದಷ್ಟೇ ಕಾಲು ಚಾಚುವ ಈ ನೀತಿಯನ್ನು ಯಾವ ವಾಣಿಜ್ಯ ಪದವೀಧರನೂ ಮೆಚ್ಚಬೇಕು.

ಹಾಗೆಂದು ಕಬಿನಿಯ ಲೆಕ್ಕವೂ ನಿಷ್ಕಳಂಕವಲ್ಲ. ಅಣೆಕಟ್ಟಿನಿಂದ ಮುಳುಗಿದ ಹಳ್ಳಿಗಳ ಜನ, ಕಾಡಿನಿಂದ ಹೊರಬಂದ ಜೇನುಕುರುಬರು ಮತ್ತು ಬೆಟ್ಟಕುರುಬರು ಈ ವಹಿವಾಟಿನಲ್ಲಿ ತಮ್ಮ ಪಾಲೆಷ್ಟು ಎಂದು ಕೇಳಿದರೆ ತೃಪ್ತಿಕರ ಉತ್ತರ ಸುಲಭವಾಗಿ ದೊರೆಯದು. 2025ರ ನವೆಂಬರ್‌ನಲ್ಲಿ ಹುಲಿ ದಾಳಿಗೆ ರೈತರು ಬಲಿಯಾಗಿ ಜನರ ಆಕ್ರೋಶ ಭುಗಿಲೆದ್ದಾಗ, ನಾಗರಹೊಳೆ ಹಾಗೂ ಬಂಡೀಪುರಗಳಲ್ಲಿ ಸಫಾರಿಯನ್ನು ನಿಲ್ಲಿಸುವಂತೆ ರಾಜ್ಯ ಸರ್ಕಾರ ಆದೇಶಿಸಿತು. ಹೋಟೆಲು, ಜೀಪು, ಮಾರ್ಗದರ್ಶಿ ಎಲ್ಲರ ಆದಾಯಕ್ಕೂ ಒಮ್ಮೆಲೇ ತಡೆ ಬಿದ್ದಿತು. ನೆರೆಯವನಿಗೆ ಲಾಭದಲ್ಲಿ ಪಾಲಿಲ್ಲದೆ ನಷ್ಟದಲ್ಲಿ ಮಾತ್ರ ಪಾಲಿರುವ ವ್ಯಾಪಾರಕ್ಕೆ ಆಯುಷ್ಯವಿಲ್ಲ ಎಂಬುದು ಇದರ ತಾತ್ಪರ್ಯ.

ಪ್ರವಾಸದ ಖರ್ಚು, ಲೆಕ್ಕಪತ್ರದ ಶಿಸ್ತು

ವಿದೇಶದ ಉದ್ಯಾನಕ್ಕೇ ಹೊರಡುವವರು ಕೆಲವು ವ್ಯಾವಹಾರಿಕ ಸಂಗತಿಗಳನ್ನು ತಿಳಿದಿರುವುದು ಒಳಿತು. ಗೇರುಬೀಜದ ಖರೀದಿಗೆ ಹೋದ ಪ್ರಯಾಣದ ವೆಚ್ಚ ವ್ಯವಹಾರದ ವೆಚ್ಚ. ಅದರ ಕೊನೆಯಲ್ಲಿ ಸೇರಿಸಿಕೊಂಡ ಸಫಾರಿಯ ವೆಚ್ಚ, ಜೊತೆಗೆ ಬಂದ ಕುಟುಂಬದವರ ವೆಚ್ಚ ಸ್ವಂತದ್ದು. ಸಂಪೂರ್ಣವಾಗಿ ವ್ಯವಹಾರಕ್ಕಾಗಿಯೇ ಆದ ವೆಚ್ಚಕ್ಕೆ ಮಾತ್ರ ಆದಾಯ ತೆರಿಗೆಯಲ್ಲಿ ಕಡಿತ ದೊರೆಯುತ್ತದೆ. ಎರಡನ್ನೂ ಒಂದೇ ಬಿಲ್ಲಿನಲ್ಲಿ ಕಲಸಿ ಸಂಸ್ಥೆಯ ಖಾತೆಗೆ ಹಾಕಿದರೆ, ನ್ಯಾಯವಾದ ಭಾಗಕ್ಕೂ ತೆರಿಗೆ ಅಧಿಕಾರಿಯ ಮುಂದೆ ವಿವರಣೆ ನೀಡಬೇಕಾಗುತ್ತದೆ. ಬಿಲ್ಲನ್ನು ಪ್ರತ್ಯೇಕಿಸುವುದು, ಸ್ವಂತದ ಭಾಗವನ್ನು ಹಿಂಪಡೆತದ ಖಾತೆಗೆ ಬರೆಯುವುದು ಲೇಸು.

ವಿದೇಶ ಪ್ರವಾಸದ ಪ್ಯಾಕೇಜಿನ ಮೇಲೆ ಮೂಲದಲ್ಲೇ ತೆರಿಗೆ ಸಂಗ್ರಹಿಸುವ ಪದ್ಧತಿ 2020ರ ಅಕ್ಟೋಬರ್ 1ರಂದು ಆರಂಭವಾಯಿತು. 2023ರ ಅಕ್ಟೋಬರ್‌ನಲ್ಲಿ 7 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ದರ ಶೇಕಡಾ 20ಕ್ಕೆ ಏರಿತು. 2025ರ ಏಪ್ರಿಲ್‌ನಲ್ಲಿ ಆ ಮಿತಿಯನ್ನು 10 ಲಕ್ಷಕ್ಕೆ ಹೆಚ್ಚಿಸಲಾಯಿತು. ದರ ಆಗಾಗ ಬದಲಾಗುವುದರಿಂದ ಹಣ ಕಟ್ಟುವ ದಿನ ಜಾರಿಯಲ್ಲಿರುವುದನ್ನು ವಿಚಾರಿಸಿಕೊಳ್ಳಬೇಕು. ಇದು ಹೊಸ ಹೊರೆಯೆಂದು ಭಾವಿಸುವುದು ತಪ್ಪು. ವರ್ಷಾಂತ್ಯದ ತೆರಿಗೆಯಲ್ಲಿ ಇದನ್ನು ಹೊಂದಿಸಿಕೊಳ್ಳಬಹುದು, ಹೆಚ್ಚಾದುದನ್ನು ಮರುಪಾವತಿಯಾಗಿ ಪಡೆಯಬಹುದು. ಕೆನ್ಯಾದಿಂದ ಮರಳುವಾಗ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕಡ್ಡಾಯ. ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲೇ ಲಸಿಕೆ ಪಡೆದಿರಬೇಕು. ಇಲ್ಲವಾದರೆ ವಿಮಾನ ನಿಲ್ದಾಣದಿಂದ ನೇರವಾಗಿ ಪ್ರತ್ಯೇಕವಾಸಕ್ಕೆ ಹೋಗಬೇಕಾದೀತು. ದೊಡ್ಡ ಪ್ರಾಣಿಗಳನ್ನು ನೋಡಲು ಜೂನ್‌ನಿಂದ ಅಕ್ಟೋಬರ್‌ವರೆಗಿನ ಒಣ ಋತು ಪ್ರಶಸ್ತ. ಯುರೋಪು, ಏಷ್ಯಾಗಳ ವಲಸೆ ಹಕ್ಕಿಗಳು ನವೆಂಬರ್‌ನಿಂದ ಏಪ್ರಿಲ್‌ವರೆಗೆ ಅಲ್ಲಿರುತ್ತವೆ. ಗೇರು ಖರೀದಿಗೆ ಹೋದವರಿಗೆ ಸಿಗುವುದು ಈ ಕಾಲವೇ.

ಸುರತ್ಕಲ್‌ನ ದಂಡೆ

ವಲಸೆ ಹಕ್ಕಿಗಳು ಆಫ್ರಿಕಕ್ಕೆ ಮಾತ್ರ ಹೋಗುವುದಿಲ್ಲ. ಚೀನಾ, ಮಂಗೋಲಿಯ ಕಡೆಯಿಂದ ಬರುವ ಅಮುರ್ ಫಾಲ್ಕನ್ ಎಂಬ ಪುಟ್ಟ ಬೇಟೆ ಹಕ್ಕಿ ಭಾರತವನ್ನು ಹಾದು, ಅರಬ್ಬೀ ಸಮುದ್ರವನ್ನು ಒಂದೇ ಉಸಿರಿನಲ್ಲಿ ದಾಟಿ ಆಫ್ರಿಕ ಸೇರುತ್ತದೆ. ಹಿಂದೆ ಹಾಯಿ ಹಡಗುಗಳ ವರ್ತಕರು ನೆಚ್ಚಿದ್ದ ಈಶಾನ್ಯದ ಗಾಳಿಯೇ ಅದಕ್ಕೂ ಆಸರೆ. ಸೆಪ್ಟೆಂಬರ್ ಕಳೆದರೆ ಸುರತ್ಕಲ್‌ನಿಂದ ಸಸಿಹಿತ್ಲುವರೆಗಿನ ಮರಳಿನ ಮೇಲೂ ದೂರದ ಅತಿಥಿಗಳು ಇಳಿಯುತ್ತಾರೆ. ಅಲೆ ಹಿಂದೆ ಸರಿದೊಡನೆ ಓಡಿಬಂದು ಹುಳು ಹೆಕ್ಕುವ ಸಣ್ಣ ಪ್ಲೋವರ್‌ಗಳು, ಮೀನುದೋಣಿಗಳ ಹಿಂದೆ ಹಾರುವ ಗಲ್ ಹಕ್ಕಿಗಳು ಆ ಅತಿಥಿಗಳು. ಬಿಳಿಹೊಟ್ಟೆಯ ಕಡಲ ಹದ್ದು, ಗರುಡ, ಬೆಳ್ಳಕ್ಕಿಗಳು ವರ್ಷವಿಡೀ ಇಲ್ಲಿಯ ನಿವಾಸಿಗಳು. ನಂದಿನಿ ಮತ್ತು ಶಾಂಭವಿ ನದಿಗಳು ಕೂಡಿ ಕಡಲು ಸೇರುವ ಅಳಿವೆ ಈ ದಂಡೆಯ ಉತ್ತರದ ತುದಿಯಲ್ಲಿದೆ. ನೈರೋಬಿಗೆ ಟಿಕೆಟ್ ತೆಗೆಯುವ ಸುರತ್ಕಲ್‌ನವರಲ್ಲಿ ಎಷ್ಟು ಮಂದಿ ಡಿಸೆಂಬರ್‌ನ ಮುಂಜಾನೆ ದುರ್ಬೀನು ಹಿಡಿದು ಈ ಅಳಿವೆಗೆ ಹೋಗಿದ್ದಾರೆ?

ಸುರತ್ಕಲ್ ನಕುರು ಆಗಲಾರದು, ಆಗಬೇಕಾಗಿಯೂ ಇಲ್ಲ. ಇಲ್ಲಿ ಬೇಲಿ ಹಾಕಿ ಡಾಲರ್ ಎಣಿಸುವ ಕನಸು ಯಾರಿಗೂ ಬೇಡ. ಬಂದರು, ತೈಲ ಶುದ್ಧೀಕರಣಾಗಾರ, ಗೊಬ್ಬರದ ಕಾರ್ಖಾನೆ, ಬೈಕಂಪಾಡಿಯ ನೂರಾರು ಸಣ್ಣ ಘಟಕಗಳೇ ಈ ಭಾಗದ ಅನ್ನದ ಬಟ್ಟಲು. ಆದರೆ ಕೈಗಾರಿಕೆಯ ಊರು ನೀರಿನೊಡನೆ ಹೇಗೆ ಬಾಳಬೇಕೆಂಬ ಪ್ರಶ್ನೆಯಲ್ಲಿ ಎರಡೂ ಊರುಗಳು ಒಂದೇ ತರಗತಿಯ ವಿದ್ಯಾರ್ಥಿಗಳು. ಫಲ್ಗುಣಿ ನದಿಯ ನೀರು ಕೆಟ್ಟಿತೆಂಬ ದೂರು, ತೋಡುಗಳಲ್ಲಿ ಬಣ್ಣದ ನೀರು ಹರಿಯಿತೆಂಬ ದೂರು ಇಲ್ಲಿ ಹೊಸತಲ್ಲ. ಕಡಲಿಗೆ ಹೊರದಾರಿಯಿದೆ, ನಕುರುವಿಗಿಲ್ಲ ಎಂಬ ಸಮಾಧಾನ ಅರ್ಧ ಸತ್ಯ. ಅಳಿವೆಯ ಕೆಸರು ತನ್ನಲ್ಲಿಗೆ ಬಂದುದನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅದರಲ್ಲಿ ಬೆಳೆಯುವ ಮರುವಾಯಿ, ಸಿಗಡಿ, ಮೀನುಗಳೇ ಮೊಗವೀರ ಕುಟುಂಬಗಳ ಮೂಲಧನ.

ಮೂಲಧನ ಮುಗಿದಾಗ ಏನಾಗುತ್ತದೆಂಬುದನ್ನು ಪಣಂಬೂರು ಕಣ್ಣಾರೆ ಕಂಡಿದೆ. ಕುದುರೆಮುಖದ ಅದಿರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಕೆಸರಾಗಿ ಹರಿದು ಇಲ್ಲಿಗೆ ಬರುತ್ತಿತ್ತು. ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಆ ಗಣಿ ದೇಶಕ್ಕೆ ವಿದೇಶಿ ವಿನಿಮಯ ತಂದುದು ನಿಜ, ಅನೇಕ ಕುಟುಂಬಗಳನ್ನು ಸಾಕಿದುದೂ ನಿಜ. ಆದರೆ ಅದಿರನ್ನು ಒಮ್ಮೆ ಮಾತ್ರ ಮಾರಬಹುದು. ಭದ್ರಾ, ತುಂಗಾ, ನೇತ್ರಾವತಿಗಳ ಹುಟ್ಟಿನ ನೆಲೆಯಾದ ಆ ಶೋಲಾ ಕಾಡು ಪ್ರತಿ ವರ್ಷವೂ ನೀರಿನ ರೂಪದಲ್ಲಿ ಲಾಭಾಂಶ ಹಂಚುತ್ತದೆ. ಮಂಗಳೂರಿನ ಮನೆಗಳೂ ಕಾರ್ಖಾನೆಗಳೂ ಕುಡಿಯುವುದು, ಬಳಸುವುದು ಆ ನೇತ್ರಾವತಿಯನ್ನೇ. ಇದು ಯಾವ ಕಂಪೆನಿಯ ಅಢಾವೆ ಪತ್ರಿಕೆಯಲ್ಲೂ ಕಾಣದ ಆಸ್ತಿ. ಆದ್ದರಿಂದಲೇ ಅದರ ಸವಕಳಿಯೂ ಯಾರ ಗಮನಕ್ಕೂ ಬರುವುದಿಲ್ಲ.

ವರ್ತಕ ಸಮುದಾಯ ಮಾಡಬಹುದಾದುದು

ಈ ಹಿನ್ನೆಲೆಯಲ್ಲಿ ವಾಣಿಜ್ಯ ಸಂಘಟನೆಗಳು ಮೂರು ವಿಷಯಗಳನ್ನು ಪರಾಮರ್ಶಿಸುವುದು ಅಗತ್ಯ. ಮೊದಲನೆಯದು, ಸಣ್ಣ ಘಟಕಗಳ ತ್ಯಾಜ್ಯಜಲದ ಪ್ರಶ್ನೆ. ಪ್ರತಿಯೊಂದು ಘಟಕವೂ ಸ್ವತಂತ್ರವಾಗಿ ಶುದ್ಧೀಕರಣ ವ್ಯವಸ್ಥೆ ಕಟ್ಟಿಕೊಳ್ಳುವುದು ದುಬಾರಿ. ಜಂಟಿ ವ್ಯವಸ್ಥೆಯಲ್ಲಿ ವೆಚ್ಚ ಹಂಚಿಹೋಗುತ್ತದೆ, ಉಸ್ತುವಾರಿಯೂ ಸುಲಭವಾಗುತ್ತದೆ. ನಷ್ಟವಾದ ಮೇಲೆ ನಕುರು ಮಾಡಿದ ಖರ್ಚನ್ನು ಇಲ್ಲಿ ಮೊದಲೇ ಮಾಡುವುದು ಜಾಣತನ. ಇದನ್ನು ದಂಡ ತಪ್ಪಿಸಿಕೊಳ್ಳುವ ಉಪಾಯವೆಂದು ನೋಡದೆ ಬಂಡವಾಳ ವೆಚ್ಚವೆಂದು ಪರಿಗಣಿಸಬೇಕು.

ಎರಡನೆಯದು, ದಂಡೆಯ ಪ್ರವಾಸೋದ್ಯಮದ ಸ್ವರೂಪ. ಮರಳಿನ ಮೇಲೆಯೇ ಕಟ್ಟಡ ಎಬ್ಬಿಸುವುದನ್ನು ಕರಾವಳಿ ನಿಯಂತ್ರಣ ವಲಯದ ನಿಯಮಗಳು ನಿರ್ಬಂಧಿಸುತ್ತವೆ. ಕಡಲ್ಕೊರೆತವಂತೂ ಯಾವ ಪರವಾನಗಿಯನ್ನೂ ಕೇಳುವುದಿಲ್ಲ. ವಸತಿ, ಊಟದ ಅಂಗಡಿಗಳು ಊರೊಳಗೆ, ಹೆದ್ದಾರಿಯ ಬದಿಯಲ್ಲಿರಲಿ. ದಂಡೆ ಖಾಲಿಯಾಗಿರಲಿ. ಅಳಿವೆಯಲ್ಲಿ ಹಕ್ಕಿ ತೋರಿಸಲು ದೋಣಿ ನಡೆಸುವ ಅವಕಾಶ ಅಲ್ಲಿಯ ಮೀನುಗಾರರಿಗೇ ಮೊದಲು ಸಲ್ಲಬೇಕು. ನೆರೆಯವನ ಪಾಲನ್ನು ಮರೆತರೆ ಎಂಥ ಹೆಸರುವಾಸಿ ವ್ಯವಹಾರವೂ ನಿಲ್ಲುತ್ತದೆಂದು ಕಬಿನಿ ತೋರಿಸಿಕೊಟ್ಟಿದೆ.

ಮೂರನೆಯದು, ಲೆಕ್ಕ ಇಡುವುದು. ಯಾವ ತಿಂಗಳು ಯಾವ ಹಕ್ಕಿ ಎಷ್ಟು ಬಂದಿತು, ನೀರಿನ ಗುಣಮಟ್ಟ ಹೇಗಿತ್ತು ಎಂಬ ದಾಖಲೆ ವರ್ಷವರ್ಷವೂ ಒಂದೆಡೆ ಸೇರುತ್ತಿದ್ದರೆ ಬದಲಾವಣೆ ಕಣ್ಣಿಗೆ ಬೀಳುತ್ತದೆ. 1960ರಿಂದ ಸುರತ್ಕಲ್‌ನಲ್ಲಿರುವ ತಾಂತ್ರಿಕ ಮಹಾವಿದ್ಯಾಲಯ ಇಂದು ರಾಷ್ಟ್ರೀಯ ಸಂಸ್ಥೆಯಾಗಿ ಬೆಳೆದು, ಕಡಲಿನ ಅಂಚಿನಲ್ಲೇ ನಿಂತಿದೆ. ನೀರಿನ ಪರೀಕ್ಷೆಗೆ ಬೇಕಾದ ವಿದ್ವತ್ತನ್ನು ದೂರದಿಂದ ತರಿಸಬೇಕಾಗಿಲ್ಲ. ಸಣ್ಣ ಪ್ರಮಾಣದ ಪ್ರಾಯೋಜನೆ ಮತ್ತು ನಿರಂತರತೆ ಸಾಕು. ದಾಸ್ತಾನು ಎಣಿಸದೆ ವರ್ಷದ ಲೆಕ್ಕ ಮುಗಿಸುವ ವರ್ತಕನಿಲ್ಲ.

ಕೈಗಾರಿಕೆಗೆ ಮೊದಲೇ ನೂರು ಕಟ್ಟುಪಾಡುಗಳಿರುವಾಗ ಹಕ್ಕಿಗಳ ಚಿಂತೆಯೂ ಅದರ ತಲೆಗೇ ಏಕೆ ಎಂದು ಕೇಳುವವರಿದ್ದಾರೆ. ಸ್ಪರ್ಧೆ, ಬಡ್ಡಿ ದರ, ವಿದ್ಯುತ್ ವೆಚ್ಚಗಳ ನಡುವೆ ನಲುಗುತ್ತಿರುವ ಸಣ್ಣ ಉದ್ಯಮಿಯ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ನದಿ ಕೆಟ್ಟ ದಿನ ನ್ಯಾಯಾಲಯದ ಆದೇಶವಾಗಲಿ ಮಂಡಳಿಯ ನೋಟಿಸಾಗಲಿ ಮೊದಲು ಬರುವುದು ಆ ಸಣ್ಣ ಘಟಕದ ಬಾಗಿಲಿಗೇ. ದೊಡ್ಡವರು ವಕೀಲರನ್ನಿಟ್ಟು ತಡೆದುಕೊಂಡಾರು. ಸಣ್ಣವನು ಒಂದು ತಿಂಗಳ ಬೀಗಮುದ್ರೆಯನ್ನೂ ತಾಳಲಾರ. ಆದ್ದರಿಂದ ನೀರನ್ನು ಶುದ್ಧವಾಗಿಡುವುದರಲ್ಲಿ ಎಲ್ಲರಿಗಿಂತ ಹೆಚ್ಚಿನ ಸ್ವಾರ್ಥ ಸಣ್ಣ ಉದ್ಯಮಿಗೇ ಇದೆ.

ಆಫ್ರಿಕಕ್ಕೆ ಹೋಗಿಬರುವ ಶಕ್ತಿಯಿರುವವರು ಅವಶ್ಯವಾಗಿ ಹೋಗಿಬರಲಿ. ಘೇಂಡಾಮೃಗವನ್ನು ನೋಡಲಿ, ರಾಜಹಂಸಗಳಿದ್ದ ದಂಡೆಯನ್ನೂ ನೋಡಲಿ. ಅವು ಏಕೆ ಹೋದವೆಂದು ಮಾರ್ಗದರ್ಶಿಯನ್ನು ಒಮ್ಮೆ ಕೇಳಲಿ. ಮರಳಿದ ಮೊದಲ ಭಾನುವಾರ ಮಕ್ಕಳನ್ನು ಕರೆದುಕೊಂಡು ಸಸಿಹಿತ್ಲು ಅಳಿವೆಗೆ ಬೆಳಕು ಹರಿಯುವ ಹೊತ್ತಿಗೆ ಹೋಗಲಿ. ಅಲ್ಲಿ ಕಾಣುವ ಪ್ರತಿಯೊಂದು ಹಕ್ಕಿಯೂ ಊರಿನ ಅಸಲು ಇನ್ನೂ ಉಳಿದಿದೆಯೆಂಬುದರ ರಸೀದಿ. ಆ ರಸೀದಿಯನ್ನು ಮುಂದಿನ ಪೀಳಿಗೆಗೂ ನೀಡುವಂತೆ ನೋಡಿಕೊಳ್ಳುವುದು ಇಂದಿನ ವರ್ತಕ ಸಮುದಾಯದ ಹೊಣೆ.